ಒಂಬತ್ತನೆಯ ತಟ್ಟೆ

ಒಂಬತ್ತನೆಯ ತಟ್ಟೆಯ ಗೀರು ಮುಚ್ಚಿಹೋಗಿತ್ತು. ಅಕ್ಕ ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆದು, ಒರೆಸಿಕೊಂಡು, ಮತ್ತೆ ನೋಡಿದಳು. ನಿನ್ನೆ ಜೀವಕೋಶಗಳ ಪದರದ ಮೇಲೆ ಗಾಯದ ಹಾಗೆ ಅವಳೇ ಎಳೆದ ಗೀರು. ಎರಡೂ ದಡಗಳ ಜೀವಕೋಶಗಳು ನಿದ್ದೆಯಲ್ಲಿ ಮಗ್ಗುಲು ಬದಲಿಸುವವರ ಹಾಗೆ ಮೆಲ್ಲಗೆ ಸರಿದು, ನಡುವೆ ಒಂದನ್ನೊಂದು ಮುಟ್ಟಿಕೊಂಡಿದ್ದವು. ಕಿಟಕಿಯ ಬಿಸಿಲು ಮೇಜಿನ ಮೇಲೆ ತೂಕಡಿಸುತ್ತಿತ್ತು.

ಆ ಲ್ಯಾಬಿನಲ್ಲಿ ಎಲ್ಲರಿಗೂ ಅವಳು ಅಕ್ಕ. ಒಡಹುಟ್ಟಿದ ತಮ್ಮ ಮಾತ್ರ ಒಬ್ಬನೇ. ನಾಲ್ಕು ವರ್ಷದಿಂದ ಕರುಳಿನ ಒಳಪದರ ಹುಣ್ಣಾಗಿ, ರಕ್ತ ಹೋಗಿ, ಕಡ್ಡಿಯಾಗಿದ್ದ. ಹನ್ನೆರಡು ರೋಗಿಗಳ ಕರುಳಿನಿಂದ ಚಿವುಟಿ ತಂದ ಚೂರುಗಳನ್ನು ಹನ್ನೆರಡು ತಟ್ಟೆಗಳಲ್ಲಿ ಬೆಳೆಸಿದ್ದರು, ಒಂದು ಅವನದು. ಯಾವುದು ಯಾರದೆಂಬ ಪಟ್ಟಿ ಯಾರಿಗೂ ಕಾಣದಂತೆ ಲ್ಯಾಬಿನ ಮುಖ್ಯಸ್ಥೆ ಮೇಡಂ ಅವರ ಬೀರುವಿನಲ್ಲಿತ್ತು. ಯಾರ ಗೀರು ಮುಚ್ಚುತ್ತದೋ ಅವರಿಗೆ ಮೊದಲು ಹೊಸ ಔಷಧಿ. ಉಳಿದವರಿಗೆ ಆಪರೇಷನ್.

"ಅಕ್ಕಾ, ನಾನಲ್ಲಿ ಸರಿಯಾಗಿ ಊಟ ಮಾಡ್ತಿದೀನಾ?" ಎಂದು ತಟ್ಟೆಯಲ್ಲಿದ್ದ ತನ್ನ ಚೂರಿನ ಬಗ್ಗೆ ಅವನು ದಿನಾ ಫೋನಿನಲ್ಲಿ ಕಾಡುತ್ತಿದ್ದ.

ಒಂಬತ್ತೇ ಅವನೆಂದು ಅವಳು ತೀರ್ಮಾನಿಸಿಬಿಟ್ಟಿದ್ದಳು. ಕಾರಣ ಕೇಳಿದರೆ ನಗು ಬರುತ್ತದೆ: ಎಲ್ಲಕ್ಕಿಂತ ನಿಧಾನವಾಗಿ ಬೆಳೆದದ್ದು ಅದು, ಚಿಕ್ಕಂದಿನಲ್ಲಿ ಅವನೂ ತುತ್ತಿಗೊಂದು ಗಂಟೆ. ನಿನ್ನೆ ಎಲ್ಲಕ್ಕೂ ಒಂದೊಂದು ಹನಿ ಔಷಧಿ ಹಾಕುತ್ತ ಒಂಬತ್ತಕ್ಕೆ ಬಂದಾಗ, ಕೈ ತಾನಾಗಿಯೇ ಇನ್ನೊಂದು ಹನಿ ಬಿಟ್ಟಿತ್ತು.

ಈಗ ಬಾಯಿ ಮುಚ್ಚಿಕೊಂಡಿದ್ದರೆ ಆಯಿತು. ಆದರೆ ಒಂದೇ ಹನಿಗೆ ಮುಚ್ಚಿತೆಂದು ಬರೆದರೆ, ಆ ಸುಳ್ಳನ್ನು ನಂಬಿ ನುಂಗುವವನೂ ಅವನೇ. ಅವಳಿಗೆ ಭಯವಾಯಿತು. ಎದ್ದು ಮೇಡಂ ಮುಂದೆ ನಿಂತಳು.

"ಒಂಬತ್ತಕ್ಕೆ ಎರಡು ಹನಿ ಬಿತ್ತು ಮೇಡಂ. ಬಿದ್ದಿದ್ದಲ್ಲ, ನಾನೇ ಹಾಕಿದ್ದು."

ಮೇಡಂ ಕನ್ನಡಕ ತೆಗೆದರು. ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. "ಚೆಲ್ಲಿಬಿಡು. ಅದು ಯಾರದಾಗಿದ್ರೂ ಈ ಸಲ ಅವರಿಗೆ ಔಷಧಿ ಇಲ್ಲ."

"ಯಾರದು ಅಂತ ಒಂದ್ಸಲ ನೋಡ್ಲಾ?"

"ನೋಡಿದ ಮೇಲೆ, ಅದು ನಿನ್ನ ತಮ್ಮನದಲ್ಲ ಅಂತ ಗೊತ್ತಾದ್ರೆ? ಉಳಿದ ಹನ್ನೊಂದರ ಹತ್ರ ನಿನ್ನ ಕೈ ಸುಮ್ನಿರುತ್ತಾ?"

ಅವಳು ಮೇಜಿಗೆ ಮರಳಿದಳು. ಒಂಬತ್ತನ್ನು ತಾನೇ ಚೆಲ್ಲಿದಳು. ಅಷ್ಟರಲ್ಲಿ ಫೋನು.

"ಅಕ್ಕಾ, ಹೇಗಿದೀನಿ ಇವತ್ತು?"

"ಗೊತ್ತಿಲ್ಲ ಕಣೋ," ಎಂದಳು. "ಊಟ ಹಾಕೋಕೆ ಹೊರಟೆ."

ತಟ್ಟೆಗಳನ್ನು ಮೈಬಿಸಿಯಲ್ಲಿಡುವ ಪೆಟ್ಟಿಗೆಯ ಬಾಗಿಲು ತೆರೆದಾಗ ಬೆಚ್ಚನೆಯ ಗಾಳಿ ಮುಖಕ್ಕೆ ತಾಗಿತು. ಹನ್ನೊಂದು ತಟ್ಟೆಗಳು. ಒಂದೊಂದನ್ನೂ ತೆಗೆದು, ಉಸಿರು ಹಿಡಿದು, ಒಂದೊಂದೇ ಹನಿ ಪೋಷಕ ದ್ರವ ಹಾಕಿ, ಮೆಲ್ಲಗೆ ಒಳಗಿಟ್ಟಳು. ಒಂಬತ್ತು ಇದ್ದ ಜಾಗದಲ್ಲಿ ಹಬೆಯ ದುಂಡನೆಯ ಗುರುತು ಇನ್ನೂ ಆರಿರಲಿಲ್ಲ. ಅದನ್ನು ಒರೆಸದೆ ಬಾಗಿಲು ಮುಚ್ಚಿದಳು.