ಗೇಟಿನ ಬಳಿಯ ಗಾಳಿ

೧
ಹೇಗೆ ಶುರು ಮಾಡಲಿ? ‘ಕೊಯಮತ್ತೂರಿನ ಒಂದು ಕ್ಲಾಸ್ ರೂಮಿನಲ್ಲಿ’ ಎಂದರೆ ನೀವು ಆಕಳಿಸುತ್ತೀರಿ. ನಾನೂ ಆಕಳಿಸುತ್ತೇನೆ, ಕಾರ್ಖಾನೆಗಳಿಗೆ ಎನರ್ಜಿ ಮ್ಯಾನೇಜರುಗಳನ್ನು ತಯಾರು ಮಾಡುವುದೇ ನನ್ನ ಹೊಟ್ಟೆಪಾಡು. ಕರೆಂಟು ಎಲ್ಲಿ ಪೋಲಾಗುತ್ತದೆಂದು ಕಲಿಸಿ ಕಲಿಸಿ ನನ್ನಲ್ಲೇ ಏನೂ ಉಳಿದಿಲ್ಲ. (ಈ ಜೋಕನ್ನು ಪ್ರತಿ ಬ್ಯಾಚಿಗೂ ಹೇಳುತ್ತೇನೆ. ಯಾರೂ ನಗುವುದಿಲ್ಲ.)

೨
ಸರಿ, ಕಯಲ್ವಿಳಿಯಿಂದ ಶುರು ಮಾಡೋಣ. ನನ್ನ ವಿದ್ಯಾರ್ಥಿನಿ, ಪಲ್ಲಡಂ ರಸ್ತೆಯ ನೂಲಿನ ಮಿಲ್ಲಿನಲ್ಲಿ ಟ್ರೈನಿ. ಕರೆಂಟಿನಲ್ಲಿ ಒಂದು ಉಳಿತಾಯ ಹುಡುಕಿಕೊಟ್ಟರೆ ಕೆಲಸ ಕಾಯಂ, ಇಲ್ಲದಿದ್ದರೆ ಮನೆಗೆ. ನಾನು ಕಲಿಸಿದಂತೆ ಭಾನುವಾರ, ಯಂತ್ರಗಳೆಲ್ಲ ನಿಂತಾಗ, ಗಾಳಿ ಒತ್ತುವ ಕಂಪ್ರೆಸರ್ ಒಂದನ್ನೇ ಓಡಿಸಿ ಗಾಳಿಯ ಪೈಪುಗಳಿಗೆ ಕಿವಿಗೊಟ್ಟು ನಡೆದಳು. ಎಲ್ಲೂ ಬುಸ್ ಎನ್ನಲಿಲ್ಲ. ಆದರೆ ಉಳಿದ ದಿನ, ಸರಿಯಾಗಿ ಶಿಫ್ಟು ಬಿಡುವ ಹೊತ್ತಿಗೆ, ಒಂದು ಕಡೆಯ ಪೈಪಿನಲ್ಲಿ ಗಾಳಿಯ ಒತ್ತಡ ಇಳಿಯುತ್ತಿತ್ತು. ಗ್ರಾಫ್ ನೋಡಿದಳು, ಜಾಗ ನೋಡಲಿಲ್ಲ. ‘ಸೋರಿಕೆ’ ಎಂದು ಬರೆದುಕೊಟ್ಟಳು. ಮ್ಯಾನೇಜರ್ ದುರೈಸಾಮಿ ಖುಷಿಯಿಂದ ಆ ಪೈಪಿನ ವಾಲ್ವಿಗೆ ಬೀಗ ಹಾಕಿಸಿದರು.

ಅದು ಸೋರಿಕೆಯಲ್ಲ. ಗೇಟಿನ ಬಳಿಯ ಒಂದು ರಬ್ಬರ್ ಪೈಪು. ಕೆಲಸ ಮುಗಿಸಿದ ಹೆಂಗಸರು ಒಬ್ಬರಿಗೊಬ್ಬರು ಗಾಳಿ ಹೊಡೆದು, ಕೂದಲಿಗೂ ಸೀರೆಗೂ ಅಂಟಿದ ಹತ್ತಿ ಹಾರಿಸಿ, ಮಲ್ಲಿಗೆ ಮುಡಿದು ಬಸ್ಸು ಹತ್ತುತ್ತಿದ್ದರು.

(ಇಲ್ಲಿದ್ದ ಎರಡು ಪುಟ ಹರಿದು ಹಾಕಿದೆ. ಗಾಳಿ ಒತ್ತುವುದು ಎಷ್ಟು ದುಬಾರಿ ಎಂಬ ಪಾಠ ಅದು. ನೀವು ಬಚಾವ್.)

೩
ಮೊದಲ ಮುಕ್ತಾಯ: ಕೆಲಸ ಕಾಯಂ. ಲಾಡು ಹಂಚುತ್ತಾಳೆ. ಅದೇ ಮಿಲ್ಲಿನಲ್ಲಿ ದುಡಿದು ಅವಳನ್ನು ಓದಿಸಿದ ಸೋದರತ್ತೆ ಚೆಲ್ಲಾತ್ತ ಮಾತ್ರ ಮುಟ್ಟುವುದಿಲ್ಲ.

“ಬಸ್ಸಲ್ಲಿ ಯಾರೂ ಪಕ್ಕ ಕೂರಲ್ಲ, ನನ್ನ ಕಣ್ಣೇ. ‘ಏನಜ್ಜಿ, ಒಂದೇ ದಿನಕ್ಕೆ ತಲೆಯೆಲ್ಲ ನರೆತೋಯ್ತಾ’ ಅಂತಾನೆ ಆ ಕಂಡಕ್ಟರು. ಇದಕ್ಕಾ ನಿನ್ನ ಓದ್ಸಿದ್ದು?”

ಕಯಲ್ವಿಳಿ ಕಥೆಯಿಂದೆದ್ದು ನನ್ನ ಮೇಜಿನೆದುರು ಬಂದು ನಿಂತಳು.

“ಈ ಮುಕ್ತಾಯ ಬೇಡ ಸಾರ್.”

“ನೀನೇ ತಾನೇ ಬರ್ಕೊಟ್ಟಿದ್ದು?”

“ಕಿವಿಗೊಟ್ಟು ನಡಿ ಅಂದ್ರಿ. ಶಿಫ್ಟು ಬಿಡೋವಾಗ ನಿಂತು ನೋಡು ಅಂತ ಯಾವತ್ತಾದ್ರೂ ಹೇಳಿದ್ರಾ?”

ಸಿಲಬಸ್ಸಿನಲ್ಲಿ ಇರಲಿಲ್ಲ. ಬೇಸರವಾಯಿತು, ಅವಳ ಮೇಲಲ್ಲ.

೩ (ಮತ್ತೆ)
ಎರಡನೇ ಮುಕ್ತಾಯ: ಗೇಟಿನ ಬಳಿ ಗಾಳಿ ಊದುವ ಒಂದು ಸಣ್ಣ ಬ್ಲೋವರ್ ಇಡಿಸಿ ಎಂದು ಕೇಳುತ್ತಾಳೆ. ಕರೆಂಟೂ ಕಡಿಮೆ, ಒತ್ತಡದ ಗಾಳಿ ಮೈಗೆ ಹೊಡೆಯುವ ಅಪಾಯವೂ ಕಡಿಮೆ. ದುರೈಸಾಮಿ ನಗುತ್ತಾರೆ.

“ಏನ್ ಅಮ್ಮಿಣಿ, ಉಳಿಸು ಅಂತ ಇಟ್ಕೊಂಡ್ರೆ ನೀನು ಖರ್ಚು ತೋರಿಸ್ತೀಯಲ್ಲ! ಬೇಕಾದ್ರೆ ನಿನ್ನ ವರದಿ ತಪ್ಪು ಅಂತ ಬರ್ಕೊಡು, ಬೀಗ ತೆಗೆಸ್ತೀನಿ. ಆಮೇಲೆ ನೀನೂ ಹೊರಡು.”

೫
(ನಾಲ್ಕನ್ನು ಬರೆಯಲು ತ್ರಾಣವಿಲ್ಲ.)

“ಇಲ್ಲಿಗೇ ನಿಲ್ಸಿಬಿಡ್ತೀನಮ್ಮಾ” ಎಂದೆ. “ಈಗಿನ ಕಥೆಗಳನ್ನ ಯಾರೂ ಮುಗಿಸಲ್ಲ. ಓದೋರೇ ಏನಾದ್ರೂ ಮಾಡ್ಕೊಳ್ಳಲಿ.”

“ಹಾಗಾದ್ರೆ ಆ ಪೆನ್ನು ಇತ್ತ ಕೊಡಿ ಸಾರ್, ವರದಿ ತಪ್ಪು ಅಂತ ನಾನೇ ಬರ್ಕೊಡ್ತೀನಿ. ಶಿಫ್ಟು ಬಿಡೋ ಹೊತ್ತಾಯ್ತು. ಅತ್ತೆ ಗೇಟ್ ಹತ್ರ ಖಾಲಿ ಪೈಪು ಹಿಡ್ಕೊಂಡು ನಿಂತಿದಾಳೆ.”

ಪೆನ್ನಿನ ಒಂದು ತುದಿ ಅವಳ ಕೈಯಲ್ಲಿದೆ. ಇನ್ನೊಂದು ತುದಿಯನ್ನು ನಾನಿನ್ನೂ ಬಿಟ್ಟಿಲ್ಲ.