ಎಡಕ್ಕೆ ತಿರುಗಿದಾಗ ಬರುವ ಆವಾಜ್

1

ಈ ಕಥೆಯನ್ನು ಸದ್ದಿನಿಂದ ಶುರು ಮಾಡಬೇಕೋ, ಸದ್ದು ಹುಟ್ಟಿದ ಜಾಗದಿಂದಲೋ? ಸದ್ದಿನಿಂದ ಶುರು ಮಾಡಿದರೆ ನೀವು ಕಾರಿನ ಕೆಳಗೆ ಬಗ್ಗಿ ನೋಡುತ್ತ ಕೂಡುತ್ತೀರಿ. ಜಾಗದಿಂದ ಶುರು ಮಾಡೋಣವೆಂದರೆ ಅಂಬಣ್ಣ ಒಪ್ಪುತ್ತಿಲ್ಲ. ಸದ್ಯಕ್ಕೆ ಅವನ ಮಾತೇ ನಡೆಯಲಿ.

ಅಂಬಣ್ಣನ ಹಳೆಯ ಕಾರಿನ ಮುಂದಿನ ಗಾಲಿಯ ಹತ್ತಿರ ಕಟ್ ಕಟ್ ಎಂದು ಸದ್ದು ಬರುತ್ತಿತ್ತು. ನೆಟ್ಟಗೆ ಹೋಗುವಾಗ ಇಲ್ಲ, ಬಲಕ್ಕೆ ಹೊರಳಿದರೂ ಇಲ್ಲ. ಎಡಕ್ಕೆ ತಿರುವಿದಾಗ ಮಾತ್ರ, ಹಿರಿಯರೊಬ್ಬರು ಕೂತಲ್ಲೇ ಲೊಚಗುಟ್ಟಿದ ಹಾಗೆ. ಶಹಾಪುರದಿಂದ ಅವನ ಊರಿಗೆ ಹೋಗಬೇಕಾದರೆ ವನದುರ್ಗ ದಾಟಿ, ಕಾಲುವೆಯ ಹತ್ತಿರ ಎಡಕ್ಕೇ ತಿರುಗಬೇಕು. ಬೇರೆ ದಾರಿಯಿಲ್ಲ.

2

ಶಹಾಪುರದ ಗ್ಯಾರೇಜಿನವನು ಗಾಲಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಕೇಳಿದ.

"ಎಲ್ಲ್ಯಾರ ತೆಗ್ಗಿನ್ಯಾಗ ಇಳಿಸಿದ್ರೇನ್ರಿ? ಏನಾರ ಬಡದದೇನು?"

"ಎಲ್ಲೂ ಇಲ್ಲ."

"ಹಂಗಾದ್ರ ನಟ್ಟು ಸಡ್ಲಾಗಿರಬೇಕು."

ನಟ್ಟು ಬಿಗಿಯಾಯಿತು, ಸದ್ದು ಹೋಗಲಿಲ್ಲ. ಸುರಪುರದವನೂ ಮೊದಲು ಅದನ್ನೇ ಕೇಳಿದ, ಅದೇ ಉತ್ತರ ಪಡೆದ, ಬ್ರೇಕು ಬಿಚ್ಚಿ ಒರೆಸಿ ಕೊಟ್ಟ. ಯಾದಗಿರಿಯವನೂ ಅದೇ ಉತ್ತರ ಕೇಳಿಸಿಕೊಂಡು, ಗಾಲಿಗಳನ್ನು ಅದಲುಬದಲು ಮಾಡಿ, "ಮುದಿ ಗಾಡಿ ಅದ, ಕೆಮ್ಮತದ ಬಿಡ್ರಿ" ಎಂದು ಕಳಿಸಿದ.

(ಇಲ್ಲಿಗೆ ನಿಲ್ಲಿಸಿದ್ದರೆ ಹಗುರವಾದ ಹಾಸ್ಯಕಥೆಯಾಗುತ್ತಿತ್ತು. ವಿಶೇಷಾಂಕದವರು ತಕ್ಷಣ ತೆಗೆದುಕೊಳ್ಳುತ್ತಿದ್ದರು.)

2, ಇನ್ನೊಮ್ಮೆ

ಮೇಲಿನದನ್ನು ಓದಿ ನೋಡಿದೆ. ಕಥೆಯಲ್ಲೇ ಏನೋ ಕಟ್ ಎನ್ನುತ್ತಿದೆ. ಅಂಬಣ್ಣ ಕಾಲುವೆಯ ಹತ್ತಿರ ಬಂದಾಗಲೆಲ್ಲ ನನ್ನ ವಾಕ್ಯ ಅವಸರ ಮಾಡುತ್ತದೆ. ಎತ್ತಿನ ಗಾಡಿ, ಬದು, ರಾಶಿ, ಇಂಥವನ್ನು ನಿಧಾನಕ್ಕೆ ಬರೆದುಕೊಂಡು ಬಂದವನು ನಾನು. ಅವಸರ ನನ್ನದಲ್ಲ. ಅವನನ್ನೇ ಕೇಳಿದೆ.

"ನಿಮಗ್ಯಾಕ್ರಿ ಅದು?" ಎಂದ. "ಕಾರಿನ ಕಥಿ ಬರಿಯಾಕತ್ತೀರಿ, ಕಾರಿಂದು ಬರೀರಿ."

ಹಿಂದಿನ ಸೀಟಿನಿಂದ ಅವನ ಹೆಂಡತಿ ಲಾಲಮ್ಮ, "ಹೇಳಿಬಿಡ್ರಿ ಅವ್ರಿಗೆ. ಇಲ್ಲಂದ್ರ ರಾಯಚೂರು ಗ್ಯಾರೇಜೂ ತೋರಸ್ತಾರ" ಎಂದಳು.

ಅಂಬಣ್ಣ ಕಿಟಕಿಯ ಕಡೆ ಮುಖ ಮಾಡಿ ಹೇಳಿದ.

3

ಬಸುರಿ ಸೊಸೆಯ ಕುಪ್ಪಸದ ಕಾರ್ಯ ಮುಗಿಸಿ ಗಂಡ ಹೆಂಡತಿ ಸಂಜೆ ಊರಿಗೆ ಬರುತ್ತಿದ್ದರು. ಕಾಲುವೆ ದಂಡೆಯ ಮೇಲೆ ಎಡಕ್ಕೆ ತಿರುಗಿದರೆ ಎದುರಿಗೆ ಕುರಿಹಿಂಡು. ಅಂಬಣ್ಣ ಕಾರನ್ನು ಅಂಚಿಗೆ ಸರಿಸಿದ. ಮುಂದಿನ ಗಾಲಿ ಜಾರಿ ಹೊಲಗಾಲುವೆಯ ತೂಬಿನ ಮೇಲೆ ಕೂತಿತು. ಹೇಗೋ ಹಿಂದಕ್ಕೆ ತೆಗೆದಾಗ ತೂಬಿನ ಕಬ್ಬಿಣದ ಬಾಗಿಲು ಬಗ್ಗಿ ಹೋಗಿತ್ತು.

"ನೀರು ಹರಿಯಾಕತ್ತದ ನೋಡ್ರಿ," ಎಂದಿದ್ದಳು ಲಾಲಮ್ಮ.

"ಮುಂಜಾನಿ ನೋಡೋಣ ನಡಿ."

ಮುಂಜಾನೆ ನೋಡಿದ್ದು ಇಡೀ ಊರು. ಪಕ್ಕದ ದ್ಯಾವಪ್ಪನ ಮೆಣಸಿನ ಹೊಲದಲ್ಲಿ ಗಿಡಗಳು ಮೊಣಕಾಲುದ್ದ ನೀರಲ್ಲಿ ನಿಂತಿದ್ದವು. ತೂಬಿನ ಬಗ್ಗಿದ ಬಾಗಿಲು ಕಂಡವರು, ನೀರಿಗಾಗಿ ಯಾರೋ ಹಾರೆ ಹಾಕಿ ಎತ್ತಿದ್ದಾರೆ ಎಂದುಕೊಂಡರು.

4

ಇನ್ನು ಆ ಊರಿನ ಕಟ್ಟಳೆಯೊಂದು ನಿಮಗೆ ಗೊತ್ತಿರಬೇಕು. ಕಾಲುವೆ ನೀರು ಬಂದ ಹೊಸತರಲ್ಲಿ ಪಾಳಿಗಾಗಿ ದಿನಾ ಬಡಿದಾಟ. ಯಾರು ತೂಬು ಎತ್ತಿದರು ಎಂದು ಕೇಳಿದರೆ ಎಲ್ಲರೂ ತಾಯಿ ಮೇಲೆ ಆಣೆ ಹಾಕುವವರೇ. ಕೊನೆಗೊಂದು ತೀರ್ಮಾನವಾಯಿತು: ಯಾರ ಹೊಲ ಒದ್ದೆಯಾಗಿದೆಯೋ ಅವನೇ ಕಳ್ಳ. ಕೇಳುವುದು, ಹೇಳುವುದು ಇಲ್ಲ. ಕದ್ದವನು ಆ ವರ್ಷ ಇಡೀ ಊರಿನ ಹೊಲಗಾಲುವೆಯ ಹೂಳನ್ನು ಒಬ್ಬನೇ ಎತ್ತಬೇಕು.

ಆ ಕಟ್ಟಳೆ ಮಾಡಿದವನು ಅಂಬಣ್ಣ. ಪಾಳಿ ಹಂಚುವ ಹಿರಿತನವೂ ಅವನದೇ.

ದ್ಯಾವಪ್ಪನನ್ನು ಕಟ್ಟೆಗೆ ಕರೆದಾಗ ಅವನು ತಲೆ ಕೆರೆದುಕೊಂಡ. "ನನ್ನ ಹೊಲದಾಗ ನೀರು ನಿಂತದ ಖರೇ, ಕಾಕಾ. ನಾ ಅಂತೂ ಬಿಟ್ಟಿಲ್ಲ. ನಮ್ಮ ಪೈಕಿ ಯಾರಾರ ಬಿಟ್ಟಾರೋ ಏನೋ."

ಮೆಣಸಿನಗಿಡ ಕೊಳೆಯುವಷ್ಟು ನೀರನ್ನು ಯಾವ ಕಳ್ಳ ತನ್ನ ಹೊಲಕ್ಕೇ ಬಿಟ್ಟುಕೊಳ್ಳುತ್ತಾನೆ? ಯಾರೂ ಕೇಳಲಿಲ್ಲ. ಎಲ್ಲರೂ ಅಂಬಣ್ಣನ ಬಾಯಿ ನೋಡಿದರು. ಅಂಬಣ್ಣ ತನ್ನ ಚಪ್ಪಲಿ ನೋಡುತ್ತ, "ಕಟ್ಟಳಿ ಅಂದ್ರ ಕಟ್ಟಳಿ" ಎಂದ.

(ಈ ವಾಕ್ಯವನ್ನು ನಾನು ಬೇರೆ ಥರ ಬರೆದಿದ್ದೆ. ಅವನು ಆಗಲೇ ಒಪ್ಪಿಕೊಂಡುಬಿಡುವ ಹಾಗೆ. ಎರಡು ಪುಟವೂ ಆಗಿತ್ತು. ಹರಿದು ಹಾಕಿದೆ. ಅವನು ಅವತ್ತು ಹೇಳಿದ್ದು ಇಷ್ಟೇ.)

5

ಅಂದಿನಿಂದ ಅಂಬಣ್ಣ ಎಡಕ್ಕೆ ತಿರುಗಿದಾಗಲೆಲ್ಲ ಕಾರು ಕಟ್ ಕಟ್ ಎನ್ನುತ್ತದೆ, ಹೊಲಗಾಲುವೆಯ ಕೆಸರಲ್ಲಿ ದ್ಯಾವಪ್ಪ ಸಲಿಕೆ ಊರಿ ನೆಟ್ಟಗಾಗುತ್ತಾನೆ.

"ಶರಣ್ರಿ ಕಾಕಾ. ಇನ್ನೂ ಹೋಗಿಲ್ಲೇನು ಆ ಆವಾಜ್?"

"ಇಲ್ಲೋ."

"ನಂದು ಇನ್ನೂ ಮುಗದಿಲ್ಲ, ನಿಮ್ಮ ಗಾಡೀದೂ ಮುಗದಿಲ್ಲ," ಎಂದು ನಗುತ್ತಾನೆ. ಆ ನಗುವಿನಲ್ಲಿ ಕೊಂಕಿಲ್ಲ. ಇದ್ದಿದ್ದರೆ ಅಂಬಣ್ಣನಿಗೆ ಮನೆಗೆ ಹೋಗಿ ಊಟ ಸೇರುತ್ತಿತ್ತು.

ಒಂದು ಸಲ ಹೋಗುವಾಗ ಕೇಳಿಸಿತು, ಯಾರೋ ದಂಡೆಯ ಮೇಲಿಂದ, "ಏ ನೀರಗಳ್ಳ, ಈ ಕಡಿ ಹೂಳು ಬಿಟ್ಟೀದಿ" ಎಂದು ಕೂಗಿದ್ದು. ದ್ಯಾವಪ್ಪ ಹೆಸರು ಕರೆದವರಿಗೆ ಓಗೊಡುವಂತೆ, "ಬಂದೆ" ಎಂದ. ಅಂಬಣ್ಣ ಕಿಟಕಿಯ ಗಾಜು ಏರಿಸಿದ. ಲಾಲಮ್ಮ ಹಿಂದಿನ ಸೀಟಿನಲ್ಲಿ ಸೆರಗು ಸರಿ ಮಾಡಿಕೊಂಡಳು. ಆಕೆ ಈಗೀಗ ಮುಂದಿನ ಸೀಟಿನಲ್ಲಿ ಕೂಡುವುದೇ ಇಲ್ಲ.

6

ಒಂದು ಮಧ್ಯಾಹ್ನ ದ್ಯಾವಪ್ಪನೇ ಕೈ ಅಡ್ಡ ಮಾಡಿ ಕಾರು ನಿಲ್ಲಿಸಿದ.

"ಗ್ಯಾರೇಜಿನವ್ರಿಂದ ಆಗಂಗಿಲ್ಲ ಕಾಕಾ. ನಾ ಕಕ್ಕೇರಾದಾಗ ಟ್ರ್ಯಾಕ್ಟರ್ ಹೊಡೀತಿದ್ದೆ, ಜರಾ ಕೇಳ್ತೀನಿ. ಕಣದಾಗ ತಿರಗಸ್ರಿ. ಎಡಕ್ಕ ಪೂರಾ ಒತ್ತಿ, ಸಾವಕಾಶ."

ಬೇಡವೆನ್ನಲು ಅಂಬಣ್ಣನಿಗೆ ಕಾರಣ ಸಿಗಲಿಲ್ಲ. ಖಾಲಿ ಕಣದಲ್ಲಿ ಕಾರು ಎಡಕ್ಕೆ ಸುತ್ತತೊಡಗಿತು. ದ್ಯಾವಪ್ಪ ಕೆಸರಿನ ಕೈಯನ್ನು ಲುಂಗಿಗೆ ಒರೆಸಿಕೊಂಡು ಬಾನೆಟ್ಟಿನ ಮೇಲಿಟ್ಟ. ಗಾಲಿಯ ಕಡೆ ಕಿವಿ ಬಾಗಿಸಿ, ಎತ್ತಿನ ಜೊತೆ ನಡೆಯುವವನ ಹಾಗೆ ಪಕ್ಕದಲ್ಲೇ ನಡೆದ. ಹೂಳೆತ್ತಿ ಬಗ್ಗಿದ ಬೆನ್ನು ಕೇಳುವುದಕ್ಕೂ ಅಷ್ಟೇ ಬಗ್ಗಿತ್ತು.

ಕಟ್. ಕಟ್. ಕಟ್.

ಇಲ್ಲಿಗೆ ಕಥೆ ಮುಗಿಸಲು ನನ್ನ ಹತ್ತಿರ ಕೆಲವು ದಾರಿಗಳಿವೆ.

ಅಂಬಣ್ಣ ಬ್ರೇಕ್ ಹಾಕಿ, ಇಳಿದು, ದ್ಯಾವಪ್ಪನ ಕಾಲಿಗೆ ಬೀಳುತ್ತಾನೆ. ಬರೆದೆ. "ಸಿನಿಮಾ ಮಾಡಬ್ಯಾಡ್ರಿ," ಎಂದ ಅಂಬಣ್ಣ. "ಬಿದ್ರ ಅವನೇ ಎತ್ತಬೇಕಾಗ್ತದ. ಅದೂ ಒಂದು ಹೂಳು ಅವನಿಗೆ."

ಸರಿ, ಹಿಂದಿನ ಸೀಟಿನಲ್ಲಿ ಕೂತಿರುವ ಲಾಲಮ್ಮ ಹೇಳಿಬಿಡಲಿ. ಅದನ್ನೂ ಬರೆದೆ. ಆಕೆ ನನ್ನನ್ನೇ ಬೈದಳು. "ಗಂಡಸರ ಬಾಯಿಗೆ ಬರಲಾರದ್ದು ನಮ್ಮ ಬಾಯಾಗ ತುರಕ್ತೀರೇನು? ಕಟ್ಟಿ ಮ್ಯಾಲ ಕೂತು ನ್ಯಾಯ ಹೇಳಿದವ್ರು ನಾವಲ್ಲ."

ಇನ್ನು ದ್ಯಾವಪ್ಪನಿಗೇ ಗಾಲಿಯ ಸಂದಿಯಲ್ಲಿ ತೂಬಿನ ಕಬ್ಬಿಣದ ಚೂರು ಸಿಗುವುದು. ಇದು ಚೆನ್ನಾಗಿತ್ತು. ಆದರೆ ಹೇಳಬೇಕಾದ ಮನುಷ್ಯ ತೆಪ್ಪಗೆ ಕೂತಿದ್ದಾಗ ಅವನ ಕೆಲಸವನ್ನು ಕಬ್ಬಿಣದಿಂದ ಮಾಡಿಸುವುದಕ್ಕೆ ನನಗೇ ನಾಚಿಕೆಯಾಯಿತು.

(ಹೀಗಾಗಿ ಕಾರು ಇನ್ನೂ ಸುತ್ತುತ್ತಿದೆ. ನಿಮಗೆ ತಲೆ ತಿರುಗಿದ್ದರೆ ಕ್ಷಮಿಸಿ. ಅಂಬಣ್ಣನಿಗೂ ತಿರುಗುತ್ತಿದೆ. ನಿಲ್ಲಿಸಿದರೆ ದ್ಯಾವಪ್ಪ ಏನು ಕೇಳುತ್ತಾನೆಂದು ಅವನಿಗೆ ಗೊತ್ತು.)

6, ಮುಂದುವರಿದದ್ದು

ನಿಲ್ಲಿಸುವ ಮೊದಲೇ ದ್ಯಾವಪ್ಪ ಕೇಳಿದ.

"ಎಕ್ಸಲಿನ ಜಾಯಿಂಟ್ ಹೋಗ್ಯದ ಕಾಕಾ. ಸವದದ್ದಲ್ಲ ಇದು, ಪೆಟ್ಟು ತಿಂದದ್ದು. ಎಲ್ಲಿ ಬಡೀತ್ರಿ?"

ಶಹಾಪುರದಲ್ಲಿ, ಸುರಪುರದಲ್ಲಿ, ಯಾದಗಿರಿಯಲ್ಲಿ ಸಲೀಸಾಗಿ ಬಂದಿದ್ದ ‘ಎಲ್ಲೂ ಇಲ್ಲ’ ಎಂಬ ಉತ್ತರ ನಾಲಿಗೆಯ ತುದಿಗೆ ಬಂದು ಕೂತಿತು. ಅಂಬಣ್ಣ ಅದನ್ನು ಆಡಲಿಲ್ಲ. (ನಾನು ಬರೆದುಕೊಟ್ಟೆ. ತೆಗೆದುಕೊಳ್ಳಲಿಲ್ಲ.) ಬೇರೆ ಏನೋ ಹೇಳಿದ, ಅಷ್ಟು ಮೆಲ್ಲಗೆ, ಕಾರಿನ ಸಪ್ಪಳದಲ್ಲಿ ನನಗೂ ತಿಳಿಯಲಿಲ್ಲ.

"ಏನಂದ್ರಿ?" ದ್ಯಾವಪ್ಪ ಕಿಟಕಿಯ ಹತ್ತಿರ ಬಂದ. "ಎಂಜಿನ್ ಬಂದ್ ಮಾಡ್ರಿ ಕಾಕಾ, ಕೇಳಸವಲ್ದು."

ಅಂಬಣ್ಣ ಚಾವಿ ತಿರುವಿದ. ಎಂಜಿನ್ ನಿಂತಿತು. ಕಟ್ ಕಟ್ ಕೂಡ ನಿಂತಿತು. ಕಣದಲ್ಲಿ ಎಡಕ್ಕೆ ಸುತ್ತಿದ ಗಾಲಿಯ ಗುರುತು ಒಂದರ ಮೇಲೊಂದು ಬಿದ್ದಿತ್ತು. ಅದರ ಪಕ್ಕದಲ್ಲಿ ಬರಿಗಾಲಿನ ಹೆಜ್ಜೆಗಳೂ ಅಷ್ಟೇ ಸುತ್ತು ಬಂದಿದ್ದವು.

ಗಾಲಿಗೆ ಬಗ್ಗಿಸಿದ್ದ ಕಿವಿಯನ್ನು ದ್ಯಾವಪ್ಪ ಈಗ ಕಿಟಕಿಗೆ ಬಗ್ಗಿಸಿದ.

"ಹಾಂ, ಈಗ ಹೇಳ್ರಿ."

ಈ ಮಾತಿನ ನಂತರ ನಾನು ಒಂದಕ್ಷರ ಸೇರಿಸಿದರೂ ಅದು ಅಂಬಣ್ಣನ ಬದಲಿಗೆ ಹೇಳಿದಂತಾಗುತ್ತದೆ.