ಒಂದು ಖಾಲಿ ಕೊಳವೆ

ಬೆಳಗಿನಿಂದ ಮಂಜು ಹರಿದಿಲ್ಲ, ಹೊರಗಿನಿಂದ ಯಾರೋ ಉಸಿರು ಬಿಟ್ಟ ಹಾಗೆ ಕಿಟಕಿಯ ಗಾಜು ಮಬ್ಬಾಗಿದೆ, ಅವಳು ಬೆರಳಿನಿಂದ ಒರೆಸುತ್ತಾಳೆ, ಮತ್ತೆ ಮಬ್ಬು — ಉಸಿರು, ಈ ಮಾತು ಯಾಕಾದರೂ ನೆನಪಾಯಿತೋ, ಬಣ್ಣದಣ್ಣನ ಉಸಿರು ನಿಂತು ಇವತ್ತಿಗೆ ಮೂರು ದಿನ. ಮನೆಮನೆಯ ಗೋಡೆಗೆ ಬಣ್ಣ ಬಳಿಯುತ್ತಿದ್ದವನು, ಉಗುರಿನ ಸಂದಿಯಲ್ಲಿ ಸದಾ ನೀಲಿ, ಸೂಜಿಯ ಚಟಕ್ಕೆ ಬಿದ್ದು ಹನ್ನೊಂದು ವರ್ಷ, ಬಿಡು ಎಂದು ಅವಳು ಒಮ್ಮೆಯೂ ಹೇಳಿದವಳಲ್ಲ, ಬಿಡಿಸುವುದು ಆಮೇಲಿನ ಮಾತು, ಮೊದಲು ಜೀವ ಉಳಿಯಲಿ, ಅದೇ ಅವಳ ಸಂಶೋಧನೆ, ಮೊದಲ ವರ್ಷದ ಮೊದಲ ಕೆಲಸ — ಅಮಲು ಮಿತಿಮೀರಿ ಉಸಿರು ಕಟ್ಟಿದವನ ಮೂಗಿಗೆ ಊದುವ ಔಷಧಿ, ಹೆಬ್ಬೆರಳುದ್ದದ ಬಿಳಿ ಕೊಳವೆ, ತಲೆಗೊಂದು, ಖಾಲಿಯದನ್ನು ತಂದುಕೊಟ್ಟರೆ ಹೊಸದು. ಸೋಮವಾರ ಬಂದಿದ್ದ, ಡಾಕ್ಟ್ರಮ್ಮಾ ಇನ್ನೊಂದು ಕೊಡಿ, ನಂದು ಸೇತುವೆ ಕೆಳಗಿನ ಮುದುಕನ ಮೂಗಿಗೆ ಹೋಯ್ತು, ಬದುಕಿ ಎದ್ದವನೇ ನನಗೇ ಬೈದ, ಏರಿದ್ದನ್ನ ಇಳಿಸಿಬಿಟ್ಟೆಯಲ್ಲೋ ಪಾಪಿ ಅಂತ — ಅವನು ನಕ್ಕ, ಅವಳೂ ನಕ್ಕಳು, ಡಾಕ್ಟರಲ್ಲ ಅಣ್ಣ ನಾನು, ಇನ್ನೂ ಓದ್ತಿದ್ದೀನಿ, ಖಾಲಿ ಕೊಳವೆ ಎಲ್ಲಿ? ಅಯ್ಯೋ, ಕೆಲಸದ ಅಂಗಿ ಜೇಬಲ್ಲೇ ಉಳೀತು. ಹಾಗಾದ್ರೆ ತನ್ನಿ, ಆಗ ಕೊಡ್ತೀನಿ. ಎಷ್ಟು ನಯವಾಗಿ ಹೇಳಿದಳು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ! ಲೆಕ್ಕ ತಾಳೆಯಾಗ್ಬೇಕು ಕಣಮ್ಮ, ಒಂದು ತಪ್ಪಿದ್ರೂ ವರದಿ ನಿಲ್ಲಲ್ಲ, ಇದು ಸಂಶೋಧನೆಯ ಗೈಡಿನ ಮಾತು — ತಾಳೆಯಾಗಿದೆ ಸರ್, ಬೀರುವಿನಲ್ಲಿ ನಲವತ್ತಿವೆ, ಯಾರೂ ಮುಟ್ಟದ ನಲವತ್ತು, ದೇವರೇ, ಕೈ ಚಾಚಿದರೆ ಸಿಗುತ್ತಿತ್ತು, ಉಸಿರು ಕೊಟ್ಟವನು ನೀನು, ತಡೆದವಳು ನಾನು. ಮಂಗಳವಾರ ಅರ್ಧ ಬಳಿದ ಗೋಡೆಯ ಬುಡದಲ್ಲಿ ಬಿದ್ದಿದ್ದನಂತೆ, ಜೊತೆಗಾರ ಜೇಬು ತಡಕಿದನಂತೆ, ಕೊಳವೆ ಸಿಕ್ಕಿತಂತೆ, ಬದುಕಿಕೊಂಡ ಎಂದು ಮೂಗಿಗಿಟ್ಟು ಒತ್ತಿದನಂತೆ, ಒತ್ತಿದನಂತೆ, ಮತ್ತೆ ಒತ್ತಿದನಂತೆ — ಬಾಗಿಲ ಸದ್ದಾಗುತ್ತದೆ, ಬಣ್ಣದಣ್ಣನ ಅಕ್ಕ, ಕೂರಿ ಅಕ್ಕ ಎಂದರೂ ಕೂರುವುದಿಲ್ಲ, ಕೈಚೀಲದಲ್ಲಿ ಏನೋ ಹುಡುಕುತ್ತಾಳೆ, ಬೈಯಬಾರದೇ, ಕೆನ್ನೆಗೊಂದು ಬಿಡಬಾರದೇ, ಆಸ್ಪತ್ರೆಯೋರು ಅಂಗಿ ಜೊತೆ ಕೊಟ್ರಮ್ಮ, ಇದನ್ನ ನಿಮಗೆ ಕೊಡೋದಿದೆ ಅಂತಿದ್ದ, ಇನ್ನೊಬ್ಬರ ವಸ್ತು ನಮ್ಮ ಹತ್ರ ಉಳೀಬಾರ್ದು ನೋಡಿ — ಮೇಜಿನ ಮೇಲೆ ಮೆಲ್ಲಗೆ ಇಡುತ್ತಾಳೆ, ಹೋಗುತ್ತಾಳೆ, ಮಂಜಿನಲ್ಲಿ ಹೆಜ್ಜೆ ಕರಗುತ್ತದೆ, ಮೇಜಿನ ಮೇಲೆ ಬಿಳಿ ಕೊಳವೆ, ಅದರ ಮೇಲೆ ನೀಲಿ ಬೆರಳಚ್ಚು, ಬಿಳಿ ಕೊಳವೆ, ನೀಲಿ ಬೆರಳಚ್ಚು, ನೀಲಿ